ಅತ್ತೆ ಹಾಕಿಸಿದ ಸೊನ್ನೆ

ನೆನೆಸಿದ ಅವರೆಕಾಳನ್ನು ಹಿತುಕುತ್ತಾ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಬೋಗುಣಿ ಅರ್ಧವೂ ತುಂಬಿರಲಿಲ್ಲ. ಹಾಲ್‌ನಿಂದ ಮಗಳು ಸಿಂಚನ ಕೂಗಿದಳು: "ಅಮ್ಮಾ, ಬೇಗ ಬಾ! ಅಜ್ಜಿ ಎಲ್ಲಾ ಉಲ್ಟಾ ಮಾಡ್ಬಿಟ್ಲು!"

ಅತ್ತೆ ಬಿದ್ದೇಬಿಟ್ಟರು ಅಂದುಕೊಂಡೆ. ಅಂಟು ಕೈಯಲ್ಲೇ ಓಡಿದೆ.

ಬಿದ್ದಿರಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎದುರಿನ ಸ್ಟೂಲಿನ ಮೇಲೆ ಸಿಂಚನಳ ಲ್ಯಾಪ್‌ಟಾಪ್. ಹಿಂದಿನ ದಿನ ನಾವೆಲ್ಲ ಸೇರಿ 'ಆಪರೇಷನ್ ಬೇಡ' ಎಂದು ತೀರ್ಮಾನಿಸಿದ್ದು ಅದರಲ್ಲೇ. ಈಗ ಅದೇ ಪರದೆಯ ಮೇಲೆ 'ಆಪರೇಷನ್ ಬೇಕು' ಅನ್ನುವ ಸಾಲು ಹಸಿರಾಗಿ ಹೊಳೆಯುತ್ತಿತ್ತು.

ಯಾರ ಆಪರೇಷನ್? ಅತ್ತೆಯದೇ. ಅದನ್ನು ಅವರಿಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ!

ತಾಳಿ, ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಅತ್ತೆಗೆ ಎಂಬತ್ತು ದಾಟಿದೆ. ಹೋದ ಯುಗಾದಿಯವರೆಗೂ ಯಡಿಯೂರು ಕೆರೆಗೆ ಒಂದು ಸುತ್ತು ಹಾಕಿ, ದಾರಿಯಲ್ಲಿ ಸೊಪ್ಪು ಮಾರುವಾಕೆಯ ಜೊತೆ ಒಂದು ಸಣ್ಣ ಜಗಳವಾಡಿ, ಕಟ್ಟು ಸಬ್ಬಸಿಗೆ ಹಿಡಿದು ಮನೆಗೆ ಬರುತ್ತಿದ್ದವರು. ಆಮೇಲೆ ಕಾಲು ಸೋಲತೊಡಗಿತು. ಈಗ ಎದ್ದು ನಿಲ್ಲುವುದಕ್ಕೂ ಯಾರಾದರೂ ರಟ್ಟೆ ಹಿಡಿಯಬೇಕು. ಬೆನ್ನಿನಲ್ಲಿ ನರ ಒತ್ತಿಕೊಂಡಿದೆ ಎಂದರು ಜಯನಗರದ ಡಾಕ್ಟರು. ಆಪರೇಷನ್ ಮಾಡಿದರೆ ನಡೆಯಬಹುದು, ಆದರೆ ಈ ವಯಸ್ಸು, ಈ ಹೃದಯ, ಟೇಬಲ್ ಮೇಲೆ ಏನಾದರೂ ಆಗಬಹುದು. ಮಾಡದಿದ್ದರೆ ಮಾತ್ರೆ ನುಂಗಿಕೊಂಡು ಬಹಳ ವರ್ಷ ಇರಬಹುದು, ಆದರೆ ಹಾಸಿಗೆಯಲ್ಲಿ.

"ಪೇಷೆಂಟ್ ಏನಂತಾರೆ?" ಎಂದು ಡಾಕ್ಟರು ಕೇಳಿದರು. ಪೇಷೆಂಟು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. "ಅಮ್ಮ ಎಲ್ಲಾ ನಮಗೇ ಬಿಟ್ಟಿದಾರೆ ಡಾಕ್ಟ್ರೇ" ಎಂದರು ನಮ್ಮೆಜಮಾನರು. ನಾನೂ ತಲೆಯಾಡಿಸಿದೆ. ಹೊರಗೆ ಬಂದು ಅತ್ತೆಗೆ ಹೇಳಿದ್ದು: "ಏನಿಲ್ವಂತೆ ಅತ್ತೆ, ಬರೀ ವಾಯು."

ನಿಮ್ಮ ಮನೆಯಲ್ಲೂ ಹೀಗೇ ತಾನೆ? ದೊಡ್ಡವರಿಗೆ ಕಾಯಿಲೆ ಬಂದರೆ ಬೀದಿಗೆಲ್ಲ ಗೊತ್ತಿರುತ್ತದೆ, ಕಾಯಿಲೆಯವರಿಗೆ ಮಾತ್ರ ಗೊತ್ತಿರುವುದಿಲ್ಲ. ಪಾಪ, ಗಾಬರಿಯಾಗುತ್ತಾರೆ ಅಂತ.

ಆಮೇಲೆ ಶುರುವಾಯಿತು ನೋಡಿ ನಮ್ಮ ಗುಸುಗುಸು. ಎಜಮಾನರು ಬೇಡ ಅಂದರು. ಬಿಟಿಎಂ ಲೇಔಟ್‌ನಿಂದ ಬಂದ ನಾದಿನಿ ಸುಧಾ ಬೇಕು ಅಂದಳು, ಮಾರನೆಯ ದಿನ ಬೇಡ ಅಂದಳು. ಎಲ್ಲಾ ಚರ್ಚೆಯೂ ಅಡುಗೆಮನೆಯಲ್ಲಿ, ಮಿಕ್ಸಿ ಹಾಕಿಕೊಂಡು. (ಅತ್ತೆಯ ಕಿವಿ ಬಹಳ ಚುರುಕು.)

ನಾನು ಬೀದಿ ಕೊನೆಯ ಆಂಜನೇಯನ ಗುಡಿಗೆ ಹೋಗಿ ಹೂ ಪ್ರಸಾದ ಕೇಳಿದೆ. ಆಪರೇಷನ್ ಬೇಡವಾದರೆ ಬಲಗಡೆ ಹೂ ಕೊಡಪ್ಪಾ ಅಂತ. ಎಷ್ಟು ಹೊತ್ತು ನಿಂತರೂ ಬಲಗಡೆಯೂ ಬೀಳಲಿಲ್ಲ, ಎಡಗಡೆಯೂ ಬೀಳಲಿಲ್ಲ. ಅರ್ಚಕರಿಗೆ ಬಾಗಿಲು ಹಾಕುವ ಹೊತ್ತು. "ಸ್ವಾಮಿ ಇನ್ನೂ ಯೋಚನೆ ಮಾಡ್ತಿದಾನೆ ಕಣಮ್ಮ, ನಾಳೆ ಬನ್ನಿ" ಎಂದರು.

ಆಗ ಸಿಂಚನ ಹೇಳಿದಳು: "ನನ್ ಹತ್ರ ಒಂದ್ ಪ್ರೋಗ್ರಾಮ್ ಇದೆ. ಸ್ಕೂಟರ್ ತಗೊಳ್ಳುವಾಗ ಮಾಡಿದ್ನಲ್ಲ, ಅದೇ."

ಡಿಗ್ರಿ ಓದುವ ಹುಡುಗಿ. ತೀರಾ ಸರಳವಾದದ್ದು ಅಂದಳು. ಯಾವ್ಯಾವ ವಿಷಯ ಮುಖ್ಯ ಎಂದು ಒಂದರ ಕೆಳಗೊಂದು ಬರೆಯಬೇಕು. ಪ್ರತಿಯೊಂದಕ್ಕೂ ಹತ್ತರಲ್ಲಿ ಎಷ್ಟು ತೂಕ ಎಂದು ಅಂಕಿ ಕೊಡಬೇಕು. ಆ ವಿಷಯದಲ್ಲಿ ಯಾವ ದಾರಿ ಎಷ್ಟು ಚೆನ್ನ ಎಂದು ಇನ್ನೊಂದು ಅಂಕಿ. ಗುಣಿಸಿ ಕೂಡುವ ಕೆಲಸ ಕಂಪ್ಯೂಟರಿನದು. ನನಗೂ ಅರ್ಥವಾಯಿತು. ಸಾರಿಗೆ ಉಪ್ಪು, ಹುಳಿ, ಖಾರ ಎಲ್ಲವೂ ಬೇಕು. ಯಾವುದು ಎಷ್ಟು ಅನ್ನುವುದರಲ್ಲೇ ಅಲ್ಲವೇ ರುಚಿ ಇರುವುದು?

ಭಾನುವಾರ ಅತ್ತೆ ಮಲಗಿದ್ದಾಗ ಎಲ್ಲರೂ ಕೂತು ತುಂಬಿದೆವು. 'ಮೈಲೇಜ್' ಎಂದಿದ್ದ ಕಡೆ ಸಿಂಚನ 'ಎಷ್ಟು ವರ್ಷ ಇರ್ತಾರೆ' ಎಂದು ಬದಲಾಯಿಸಿದಳು. ಅದಕ್ಕೆ ಎಲ್ಲರೂ ಒಂದೇ ಬಾಯಲ್ಲಿ ಹತ್ತು ಕೊಟ್ಟೆವು. ಆಪರೇಷನ್ ಅಪಾಯಕ್ಕೂ ಹತ್ತು. ನೋವಿಗೆ ಏಳು. ಓಡಾಟಕ್ಕೆ ಮೂರು. ಮೂರು ಯಾಕೆ? "ಎತ್ತಿ ಕೂರಿಸೋಕೆ ನಾವಿಲ್ವಾ?" ಅಂದವಳು ನಾನೇ.

'ಆಪರೇಷನ್ ಬೇಡ' ಗೆದ್ದಿತು. ಎಜಮಾನರ ಮುಖ ಎಷ್ಟೋ ದಿನದ ಮೇಲೆ ಸಡಿಲವಾಯಿತು. ಸುಧಾ ಎರಡನೇ ಸಲ ಕಾಫಿ ಕೇಳಿ ಕುಡಿದಳು. ಸದ್ಯ, ಭಾರ ಇಳಿಯಿತಲ್ಲ ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಮಾರನೆಯ ದಿನವೇ ಈ ಕೂಗು!

"ಅಜ್ಜಿಗೆ ಯಾಕೆ ತೋರಿಸ್ದೆ?" ಎಂದು ಸಿಂಚನಳ ಮೇಲೆ ಹರಿಹಾಯ್ದೆ.

"ಅವಳನ್ಯಾಕೆ ಬಯ್ತೀಯ?" ಅತ್ತೆಯೇ ಉತ್ತರ ಕೊಟ್ಟರು. "ನಾನೇ ಕೇಳ್ದೆ. ದಿನಾ ಖಾಲಿ ಮಿಕ್ಸಿ ತಿರುಗಿಸ್ತಿದ್ರಲ್ಲ, ಒಳಗೆ ಕಾಯಿ ಇರೋ ಸದ್ದು ಯಾವ್ದು, ಖಾಲಿ ಸದ್ದು ಯಾವ್ದು ಅಂತ ನಂಗೆ ಗೊತ್ತಾಗಲ್ವಾ? ಚಟ್ನಿ ಮಾತ್ರ ತಟ್ಟೆಗೆ ಬರ್ಲೇ ಇಲ್ಲ!"

ಸಿಂಚನ ಕಿಸಕ್ಕೆಂದಳು. ನನಗೆ ನಗು ಬರಲಿಲ್ಲ. ಪರದೆ ನೋಡುತ್ತಿದ್ದೆ. 'ಎಷ್ಟು ವರ್ಷ ಇರ್ತಾರೆ' ಎಂಬುದರ ಮುಂದೆ ನಮ್ಮ ಹತ್ತು ಇರಲಿಲ್ಲ. ಸೊನ್ನೆ ಇತ್ತು.

ಸೊನ್ನೆ! "ಅತ್ತೆ, ಬದುಕೋದು ಬೇಡ ಅಂತೀರಾ? ನಾವೇನು ಕಮ್ಮಿ ಮಾಡಿದೀವಿ ನಿಮಗೆ?"

"ಯಾರು ಬೇಡ ಅಂದ್ರು? ಅದನ್ನ ಮೇಲಿರೋನು ನೋಡ್ಕೋತಾನೆ. ನಾನ್ಯಾಕೆ ತೂಕ ಹಾಕ್ಲಿ? ಕೆಳಗಡೆ ಓದು."

ಕೆಳಗೆ ಹೊಸದೊಂದು ಸಾಲು ಸೇರಿತ್ತು. ನಮ್ಮ ನಾಲ್ವರ ತಲೆಗೂ ಹೊಳೆಯದೇ ಇದ್ದದ್ದು. 'ಒಬ್ಬಳೇ ಬಚ್ಚಲಿಗೆ ಹೋಗಿಬರೋದು.' ಅದರ ಮುಂದೆ ಹತ್ತು.

"ನಾನು ಕರ್ಕೊಂಡ್ ಹೋಗ್ತೀನಲ್ಲ ಅತ್ತೆ! ಒಂದು ದಿನಾನಾದ್ರೂ ಮುಖ ಗಂಟಿಕ್ಕಿದೀನಾ?"

"ಇಲ್ಲಮ್ಮ. ನಿನ್ನಂಥ ಸೊಸೆ ಸಿಕ್ಕಿದ್ದು ನನ್ನ ಪುಣ್ಯ. ಆದ್ರೆ ನೀನು ಬೆಳಿಗ್ಗೆ ಪೂಜೆಗೆ ಕೂತಿರ್ತೀಯ, ಮಧ್ಯದಲ್ಲಿ ಹೆಂಗೆ ಕರೀಲಿ? ನೀನು ಗಂಟೆ ಬಾರಿಸೋ ತನಕ ಹಲ್ಲು ಕಚ್ಚಿ ಹಿಡ್ಕೊಂಡಿರ್ತೀನಿ. ಅದಕ್ಕೇ ಎದ್ದ ಮೇಲೆ ನೀರೇ ಮುಟ್ಟಲ್ಲ."

ದಿನವೂ ಸಾವಧಾನವಾಗಿ ಮಾಡುವ ಪೂಜೆ ನನ್ನದು. ಅಷ್ಟೋತ್ತರ ಹೇಳಿ, ಒಂದೊಂದೇ ಹೂ ಏರಿಸಿ, 'ಅತ್ತೆಯನ್ನು ಚೆನ್ನಾಗಿಟ್ಟಿರಪ್ಪಾ' ಎಂದು ಬೇಡಿಕೊಂಡು, ಆಮೇಲೆ ಗಂಟೆ. ಅಷ್ಟು ಹೊತ್ತೂ ಗೋಡೆಯ ಆಚೆ ಆ ಜೀವ ಹಲ್ಲು ಕಚ್ಚಿಕೊಂಡು ಕೂತಿರುತ್ತಿತ್ತು. ಯಾವ ದೇವರಿಗೆ ಮುಟ್ಟಿತು ನನ್ನ ಹೂವು?

"ನೀನು ಆಂಜನೇಯನ್ನ ಕೇಳ್ದೆ, ಈ ಡಬ್ಬೀನ ಕೇಳ್ದೆ. ನಾನು ಪಕ್ಕದ ರೂಮಲ್ಲೇ ಇದ್ನಲ್ಲ, ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಸಂಜೆ ಎಜಮಾನರು ಬಂದು ಲ್ಯಾಪ್‌ಟಾಪ್ ನೋಡಿ ಬೆವರಿದರು. "ಸೊನ್ನೆ ಎಲ್ಲಾ ಹಾಕ್ಬಾರ್ದು ಅಮ್ಮ, ಅಪಶಕುನ" ಎಂದು ತಾವೇ ಎರಡು ಒತ್ತಿದರು. ಹಸಿರು ಸಾಲು ಅಲುಗಾಡಲಿಲ್ಲ. ನಾಲ್ಕು ಒತ್ತಿದರು. ಆಗಲೂ 'ಬೇಕು' ಅನ್ನುವುದೇ ಮೇಲೆ.

"ಸಾಕು ಬಿಡೋ. ಮೈಲೇಜ್ ನೋಡೋಕೆ ನಾನೇನು ಸ್ಕೂಟರ್ರಾ?" ಎಂದರು ಅತ್ತೆ. (ಮೊಮ್ಮಗಳು ಅದನ್ನೂ ಹೇಳಿಬಿಟ್ಟಿದ್ದಳು!)

"ಏನಾದ್ರೂ ಆಗ್ಬಿಟ್ರೆ ಅಮ್ಮ?"

"ಆಗೋದು ಮಲಗಿದ್ದಲ್ಲೂ ಆಗುತ್ತೆ. ಫೋನ್ ಹಚ್ಚು ಡಾಕ್ಟ್ರಿಗೆ, ನಾನೇ ಮಾತಾಡ್ತೀನಿ."

ಸ್ಪೀಕರ್ ಹಾಕಿದರು. ಅಪಾಯ ಏನೇನಿದೆ ಎಂದು ಡಾಕ್ಟರು ಒಂದೊಂದಾಗಿ, ಕನ್ನಡದಲ್ಲಿ, ಅತ್ತೆಗೇ ಹೇಳಿದರು. ಏಳದೇ ಹೋಗಬಹುದು ಅನ್ನುವುದನ್ನೂ ಮುಚ್ಚಿಡಲಿಲ್ಲ. ಎಜಮಾನರು ಕಿಟಕಿಯ ಕಡೆ ತಿರುಗಿಕೊಂಡರು. ಅತ್ತೆ ಪೂರ್ತಿ ಕೇಳಿಸಿಕೊಂಡು, "ನಿಮಗೆ ಕೈ ನಡುಗಲ್ಲ ತಾನೆ?" ಎಂದರು. ಡಾಕ್ಟರು ಗಟ್ಟಿಯಾಗಿ ನಕ್ಕರು. ಹೃದಯದ ಡಾಕ್ಟರು ಒಪ್ಪಿದರೆ ಮಾಡೋಣ ಎಂದರು. ಅವರೂ ಎರಡು ಸಲ ಪರೀಕ್ಷೆ ಮಾಡಿ ಒಪ್ಪಿದ್ದಾರೆ. ಬರುವ ವಾರ ಆಪರೇಷನ್.

ನಾನು ಆ ಪ್ರೋಗ್ರಾಮನ್ನು ಬೈಯುವುದಿಲ್ಲ. ಅದು ನಾವು ಕೊಟ್ಟಿದ್ದನ್ನು ಗುಣಿಸಿತು, ಅತ್ತೆ ಕೊಟ್ಟಿದ್ದನ್ನೂ ಗುಣಿಸಿತು. ಅಷ್ಟು ನಿಯತ್ತೂ ನಮಗಿರಲಿಲ್ಲ. ಅವರ ಮೇಲಿನ ಪ್ರೀತಿಗೆ ಹತ್ತು ಕೊಟ್ಟು, ಅವರ ಮಾತಿಗೆ ಒಂದು ಸಾಲನ್ನೂ ಇಡದೆ ಲೆಕ್ಕ ಮುಗಿಸಿದ್ದೆವು. ಮನೆಗೆ ಸೋಫಾ ತರುವಾಗ "ಅತ್ತೆ, ಯಾವ ಬಣ್ಣ?" ಎಂದು ಕೇಳಿದ್ದೆ ನಾನು. ಪ್ರಾಣದ ವಿಷಯಕ್ಕೆ ಕೇಳಲಿಲ್ಲ. ಇಂಥ ವಿಚಿತ್ರ ಉಂಟೇ?

ಈಗ ಪೂಜೆಗೆ ಕೂರುವ ಮುಂಚೆ ಅತ್ತೆಯ ರೂಮಿಗೆ ಹೋಗಿ ಬರುತ್ತೇನೆ. ಮಧ್ಯದಲ್ಲಿ ಕರೆದರೂ ಏಳುತ್ತೇನೆ, ಆಂಜನೇಯ ಕಾಯುತ್ತಾನೆ. ಹೆದರಿಕೆ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಅತ್ತೆ ಬಾಯಿಬಿಟ್ಟು ಹೇಳಿದರಲ್ಲ, ಕೇಳಿಸಿಕೊಳ್ಳುವಷ್ಟು ಹೊತ್ತು ನಮಗೆ ಉಳಿದಿತ್ತಲ್ಲ, ಅದು ಅವನ ದಯೆ.

ಸರಿ, ಹೊತ್ತಾಯಿತು. ಬ್ಲೀಚಿಂಗ್ ಪೌಡರ್ ಉದುರಿಸಿ ಬಂದಿದ್ದೇನೆ, ಬಚ್ಚಲಿನ ಜಾರುವ ಕಲ್ಲನ್ನು ತಿಕ್ಕಿ ತೊಳೆಯಬೇಕು. ಇನ್ನು ಅಲ್ಲಿಗೆ ಅತ್ತೆ ಒಬ್ಬರೇ ಬರಬೇಕಲ್ಲ?