ಸೆಲೀನಾ ಹಾಕಿಕೊಟ್ಟ ಮೂಲೆ

ಸೆಲೀನಾಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇಂಗ್ಲೆಂಡಿನ ನಮ್ಮ ಲೀಕ್ ಊರಿನಲ್ಲಿ ಅವಳ ಕೈಯನ್ನು ಹೊಗಳದವರಿಲ್ಲ. ರೇಷ್ಮೆ ಗಿರಣಿಯಲ್ಲಿ ನೂಲು ಸುತ್ತುವವಳ ಮಗಳು. ಅಪ್ಪನ ಮುಖ ಕಂಡವಳಲ್ಲ. ಸಣ್ಣವಳಿದ್ದಾಗಲೇ ಕಸೂತಿ ಅಂಗಡಿಗೆ ಸೇರಿದಳು. ಇವತ್ತಿಗೂ ಅಲ್ಲೇ. ಮದುವೆಯಾಗಲಿಲ್ಲ.

ಅವಳ ಕೆಲಸ ಮೂಲೆ ಹಾಕುವುದು. ಅಂಗಡಿಯವರು ಟಸರ್ ರೇಷ್ಮೆ ಬಟ್ಟೆಯ ಮೇಲೆ ದಾಳಿಂಬೆ, ಬಳ್ಳಿ, ಎಲೆಗಳ ಗೆರೆ ಮೂಡಿಸಿ, ರೇಷ್ಮೆ ನೂಲನ್ನೂ ಜೊತೆಗಿಟ್ಟು ಮಾರುತ್ತಾರೆ. ಹೊಲಿಗೆ ಹೇಗೆಂದು ತಿಳಿಯಲಿ ಅಂತ ಒಂದು ಮೂಲೆಯನ್ನು ಸೆಲೀನಾ ತುಂಬಿಕೊಡುತ್ತಾಳೆ. ಉಳಿದದ್ದನ್ನು ದೊಡ್ಡ ಮನೆಯ ಹೆಂಗಸರು ಅದನ್ನು ನೋಡಿಕೊಂಡು ತುಂಬುತ್ತಾರೆ.

ಆ ನೂಲಿಗೆ ಮಂಜಿಷ್ಠೆ ಬೇರಿನ ಕೆಂಪು ಬಣ್ಣ ಹಾಕುತ್ತಿದ್ದವನು ನನ್ನ ಗಂಡ ಎನಾಕ್. ನನಗಿಂತ ಮೊದಲು ಅವನು ಚರ್ಚಿನಿಂದ ಸೆಲೀನಾಳ ಜೊತೆ ನಡೆದುಬರುತ್ತಿದ್ದ. ಊರಿಗೆಲ್ಲ ಗೊತ್ತು. ಮದುವೆಯಾದ ಮೇಲೆ ಒಂದು ದಿನ ದಿಂಬಿನ ಬಟ್ಟೆ ತಂದ. ಮೂಲೆಯಲ್ಲಿ ಅವಳ ಎಲೆಗಳು.

"ನೋಡೇ ಥರ್ಜಾ, ಮೂಲೆ ಎಷ್ಟು ಚೆನ್ನಾಗಿ ಬಂದಿದೆ!"

"ನಮ್ಮನೆಗೂ ಅವಳ ಕೈಯೇ ಬೇಕಿತ್ತಾ?"

ನಕ್ಕ. ಟೀ ಕುಡಿದ. ಹೆಚ್ಚು ಮಾತಿನವನಲ್ಲ.

ಹಟಕ್ಕೆ ಬಿದ್ದು ಉಳಿದದ್ದನ್ನು ನಾನೇ ತುಂಬಿದೆ. ನಾನು ಎಡಚಿ. ಎಡಗೈ ಕಟ್ಟಿಹಾಕಿ ಬಡಿದರು ಅಂತಲೇ ಶಾಲೆ ಬಿಟ್ಟವಳು. ಆದರೂ ಅವಳ ಹೊಲಿಗೆ ನನ್ನ ಕೈಗೆ ಸಲೀಸಾಗಿ ಬಂತು. ಇವಳದೇನು ಮಹಾ ಎಂದುಕೊಂಡೆ. ಆದರೆ ದಿಂಬು ನೋಡಿದವರೆಲ್ಲ ಬೆರಳಿಡುತ್ತಿದ್ದದ್ದು ಆ ಮೂಲೆಯ ಮೇಲೆಯೇ.

ಈ ಚಳಿಗಾಲದಲ್ಲಿ ಎನಾಕ್ ಕಫ ಕಟ್ಟಿ ತೀರಿಕೊಂಡ. ಅವನ ಕುರ್ಚಿ ಖಾಲಿ. ಅದರಲ್ಲಿ ಆ ದಿಂಬು, ದಿಂಬಿನಲ್ಲಿ ಅವಳು. ತಡೆಯಲಾಗಲಿಲ್ಲ. ಕತ್ತರಿ ಹಿಡಿದು ಮೂಲೆ ಬಿಚ್ಚಲು ಕೂತೆ. ಒಂದು ಎಲೆ ಬಿಚ್ಚಿದ್ದೆ, ಸೆಲೀನಾ ಓಟ್ಸ್ ರೊಟ್ಟಿ ಹಿಡಿದು ಬಾಗಿಲಿಗೆ ಬಂದಳು.

"ಅಯ್ಯೋ, ಏನೇ ಮಾಡ್ತಿದೀಯ? ಅದು ನನ್ನ ಮೂಲೆ!"

"ನನ್ನ ದಿಂಬು. ನನ್ನ ಗಂಡನ ಕುರ್ಚಿ."

"ಬಿಚ್ಚು, ಬಿಚ್ಚು. ಆ ಮೂಲೆ ನಂಗೂ ಸಾಕುಸಾಕು ಮಾಡಿತ್ತು. ಮೊದಲು ಬಲಗೈಲಿ ಹಾಕಿದ್ದನ್ನ ನಿನ್ನ ಗಂಡ ಪೂರ್ತಿ ಬಿಚ್ಚಿಸಿದ ಕಣೇ. 'ನನ್ನ ಹೆಂಡ್ತಿದು ಎಡಗೈ, ಅವಳ ಕೈಗೆ ಬರೋ ಹಾಗೆ ಹಾಕು' ಅಂತ. ಎಡಗೈಲಿ ಸೂಜಿ ಹಿಡಿದು ಬೆರಳೆಲ್ಲ ಚುಚ್ಕೊಂಡೆ. ಅಂಗಡೀಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು."

ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅವಳ ಹೊಲಿಗೆಯೂ ನನ್ನದೂ ಒಂದೇ ಕಡೆಗೆ, ಎಡಗೈಯವರ ಹೊಲಿಗೆ ವಾಲುವ ಕಡೆಗೆ, ವಾಲಿದ್ದವು. ಇಷ್ಟು ವರ್ಷ ನೋಡಿರಲಿಲ್ಲ.

"ಇನ್ನೇನಂದ?"

"'ಅವಳ ಕೈ ಇನ್ನು ಯಾರೂ ಕಟ್ಟಬಾರ್ದು' ಅಂದ. ನನ್ನ ಕೈ ಯಾವ ಕಡೆ ಓಡುತ್ತೆ ಅಂತ ಯಾರೇ ಕೇಳಿದ್ರು?"

ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು. "ಮುಗಿದಿದ್ದನ್ನ ನೋಡ್ತಿರೋದು ಇದೇ ಮೊದಲು. ಮೂಲೆ ಹಾಕಿ ಕಳಿಸಿದ್ರೆ ಆಯ್ತು. ದೊಡ್ಡೋರು ಕರೆದು ತೋರಿಸ್ತಾರಾ?"

ನಾನು ಸೂಜಿ ಕೊಟ್ಟೆ. "ಆ ಎಲೆ ತುಂಬು. ಎಡಗೈಲೇ."

"ನೀನೂ ಅವನ ಥರಾನೇ," ಎಂದು ಬೈಯುತ್ತಲೇ ತುಂಬಿದಳು.

ಅವಳ ಕೈಯ ಮೇಲೆ ಈಗ ನನಗೆ ಹೊಟ್ಟೆಕಿಚ್ಚಿಲ್ಲ. ಅವಳ ಕಿವಿಯ ಮೇಲಿದೆ. ನನಗೆ ಒಂದು ದಿನವೂ ಹೇಳದ ಮಾತನ್ನು ಎನಾಕ್ ಅವಳಿಗೆ ಹೇಳಿದ. ಭಾನುವಾರ ಅವಳನ್ನು ಟೀಗೆ ಕರೆದಿದ್ದೇನೆ. ಅದನ್ನೇ ಇನ್ನೊಮ್ಮೆ ಹೇಳಿಸಬೇಕು.