ತಿಳಿನೀರಿನ ಹೊಂಡ

ಕಕ್ಕಿಂಜೆಯ ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಯಾರೋ ಅದಿರು ಅಗೆದು ಬಿಟ್ಟುಹೋದ ಹೊಂಡವೊಂದಿದೆ. ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರು. ನನಗೆ ಆ ತಿಳಿಯೇ ಹೆದರಿಕೆ. ಘಟ್ಟದ ಮೇಲಿನ ತಾಮ್ರದ ಗಣಿಯೊಂದರಲ್ಲಿ ಗಣಿನೀರು ಶುದ್ಧೀಕರಿಸುವ ಘಟಕದಲ್ಲೇ ನಿವೃತ್ತಿಯವರೆಗೆ ದುಡಿದವಳು ನಾನು. ಕಪ್ಪೆ, ಮೀನು, ಪಾಚಿ ಒಂದೂ ಇಲ್ಲದ ನೀರನ್ನು ನಂಬುವುದಿಲ್ಲ. ಪರೀಕ್ಷೆಯ ಕಾಗದ ಅದ್ದಿದೆ. ಕೆಂಪಾಯಿತು. ನೀರು ಹುಳಿ, ಹುಳಿಯಲ್ಲಿ ಲೋಹ ಕರಗಿರುತ್ತದೆ.

ಹೋದ ಮಳೆಗಾಲದಲ್ಲಿ ಹೊಂಡದ ಮಣ್ಣಿನ ಕಟ್ಟ ಬಿರುಕು ಬಿಟ್ಟಿತು. ಕೆಳಗೆ ಹರಿಯುವ ತೋಡು, ತೋಡಿನ ಬದಿಯಲ್ಲೇ ಐದು ಮನೆಗಳಿಗೆ ಒಂದೇ ಬಾವಿ. ಅವುಗಳಲ್ಲೊಂದು ಮನೆಯ ಹಿರಿಯರು ಬೆಳಿಗ್ಗೆಯೇ ಪಂಪು ತಂದರು. ಕಟ್ಟ ಒಡೆಯುವ ಮೊದಲು ನೀರನ್ನು ತೋಡಿಗೆ ಬಿಡುವುದು ಅವರ ಯೋಚನೆ.

“ಹೀಗೇ ಬಿಟ್ಟರೆ ಬಾವಿ ಹಾಳಾಗ್ತದೆ. ನಾಳೆಯವರೆಗೆ ನಿಲ್ಲಿಸಿ,” ಎಂದೆ.

“ಕಟ್ಟ ಅಷ್ಟು ಹೊತ್ತು ನಿಲ್ತದಾ?”

ಗೊತ್ತಿಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡಿ ಪಂಪಿನಿಂದ ಕೈ ತೆಗೆದರು.

ನೀರಿನ ಹುಳಿ ಮುರಿಯಲು ಬೆಳ್ತಂಗಡಿಯಿಂದ ಸುಣ್ಣದ ಮೂಟೆಗಳನ್ನು ತರಿಸಿದೆ. ಮೊದಲು ಹೊಂಡದ ಒಂದು ಬಕೆಟ್ ನೀರಿನಲ್ಲಿ ಕದಡಿ ಎಷ್ಟು ಬೇಕೆಂದು ನೋಡಿಕೊಂಡೆ. ಆಮೇಲೆ ಎಲ್ಲರೂ ಸೇರಿ ಸುಣ್ಣದ ನೀರನ್ನು ಹೊಂಡಕ್ಕೆ ಸುರಿದು ಬಿದಿರಿನಿಂದ ಕದಡಿದೆವು. ನೋಡುತ್ತಿದ್ದಂತೆ ಹೊಂಡವಿಡೀ ತುಕ್ಕಿನ ಬಣ್ಣಕ್ಕೆ ತಿರುಗಿತು. ಹೀಗಾಗುತ್ತದೆಂದು ಮುಂಚೆಯೇ ಹೇಳದಿದ್ದದ್ದು ನನ್ನ ತಪ್ಪು.

“ಚಂದ ಇದ್ದ ನೀರನ್ನು ಕೆಸರು ಮಾಡಿಬಿಟ್ಟೆಯಲ್ಲ ಮಾರಾಯ್ತಿ,” ಎಂದರು ಹಿರಿಯರು.

ಕರಗಿದ್ದ ಲೋಹ ಗಟ್ಟಿಯಾಗಿ ಹೊರಬರುವ ಬಣ್ಣ ಅದು, ತಳಕ್ಕಿಳಿಯುತ್ತದೆ ಎಂದು ವಿವರಿಸಿದೆ. ಯಾರೂ ನಂಬಿದಂತೆ ಕಾಣಲಿಲ್ಲ. ಘಟಕದಲ್ಲಿ ತೊಟ್ಟಿಗಳಿದ್ದವು, ಯಂತ್ರಗಳಿದ್ದವು. ಇಲ್ಲಿ ಇದ್ದದ್ದು ನನ್ನ ಮಾತು ಮಾತ್ರ. ಸಂಜೆಯ ಮಳೆಗೆ ಕಟ್ಟದ ಒಂದು ತುಂಡು ಜರಿಯಿತು. ಐದೂ ಮನೆಯವರು ನನ್ನನ್ನು ಬೈಯುತ್ತಲೇ ಮರಳಿನ ಚೀಲ ಹೊತ್ತು ತಂದು ಒಡ್ಡಿದರು. ನಾನೂ ಹೊತ್ತೆ. ಒಡೆದರೆ ಈ ಊರಿನಲ್ಲಿ ಮತ್ತೆ ತಲೆಯೆತ್ತುವ ಹಾಗಿರಲಿಲ್ಲ.

ಬೆಳಿಗ್ಗೆ ಕಟ್ಟ ನಿಂತಿತ್ತು. ಕೆಸರು ಕೆಳಗಿಳಿದು ಮೇಲೆ ಮೊಳದಷ್ಟು ನೀರು ತಿಳಿಯಾಗಿತ್ತು. ಕಾಗದ ಹಸಿರಾಯಿತು, ಅಂದರೆ ಹುಳಿ ಹೋಗಿತ್ತು. ಪೈಪಿನ ಬಾಯನ್ನು ಖಾಲಿ ಕ್ಯಾನಿಗೆ ಕಟ್ಟಿ ತೇಲಿಸಿ, ಮೇಲಿನ ನೀರನ್ನಷ್ಟೇ ನಿಧಾನವಾಗಿ ಬಿಟ್ಟೆವು. ತೋಡಿನುದ್ದಕ್ಕೂ ಕಾಗದ ಅದ್ದುತ್ತಾ ನಡೆದೆ.

ಒಂದು ವಾರ ಐದೂ ಮನೆಯವರು ತೋಡಿನಿಂದ ದೂರವಿರುವ ನಮ್ಮ ಮನೆಯ ಬಾವಿಯ ನೀರು ಕುಡಿದರು. ಮೂಡುಬಿದಿರೆಯ ಪ್ರಯೋಗಾಲಯಕ್ಕೆ ಕಳಿಸಿದ ನೀರಿನ ವರದಿ ಬಂತು: ತೋಡಿನ ಬದಿಯ ಬಾವಿಗೆ ಏನೂ ಆಗಿರಲಿಲ್ಲ. ಹಿರಿಯರು ಅದನ್ನು ಎರಡು ಸಲ ಓದಿ, ತಳದ ಕೆಸರನ್ನು ಏನು ಮಾಡುವುದೆಂದು ಕೇಳಿದರು. ಬೇಸಗೆಯಲ್ಲಿ ಅದನ್ನು ಎತ್ತಿ, ಮಳೆನೀರು ತಾಗದ ಹಾಗೆ ಮುಚ್ಚಿಡುವ ಉಪಾಯವನ್ನು ಇಬ್ಬರೂ ಕೂತು ಬರೆದೆವು.