ಎರಡು ಬಂದೂಕುಗಳ ಖಾಲಿ ತೋಟಾಗಳು

…ಅಥವಾ ಅದು ಭಾನುವಾರವೇ ಅಲ್ಲವೇನೋ. ಮಗಳು ಚಳಿಗೆ ಒಡೆದ ಕೈಗೆ ಕ್ರೀಮು ಹಚ್ಚಿಕೊಳ್ಳುತ್ತಿದ್ದಳು. ಅದರೊಳಗಿನ ಉಣ್ಣೆಯ ಜಿಡ್ಡಿನ ವಾಸನೆ, ಒದ್ದೆ ಕಂಬಳಿಯಂಥದು, ಮೂಗಿಗೆ ಬಡಿದದ್ದೇ ತಡ, ಜರ್ಮನಿಯ ರೇಗನ್ಸ್‌ಬರ್ಗಿನ ಹಳೆಯ ಮನೆಯ ನೆಲಮಾಳಿಗೆಯಲ್ಲಿ ನಿಂತಿದ್ದೆ. ಅಲ್ಲಿ ಸಲೀಮ ಇದ್ದ. ಅವನ ಸ್ವೆಟರ್ ನೀಲಿ ಎನ್ನುತ್ತದೆ ನೆನಪು. ನಂಬಬೇಡಿ, ನನ್ನ ನೆನಪಿನಲ್ಲಿ ಎಲ್ಲರೂ ನೀಲಿ ಸ್ವೆಟರನ್ನೇ ಹಾಕಿರುತ್ತಾರೆ.

ಸಲೀಮ ಹುಬ್ಬಳ್ಳಿಯವನು, ಆಫೀಸಿನಲ್ಲಿ ನನ್ನ ಪಕ್ಕದ ಮೇಜು. ಜರ್ಮನ್ ಕಲಿಯಲು ಒಳ್ಳೆಯ ದಾರಿಯೆಂದು ಇಬ್ಬರೂ ಶೂಟಿಂಗ್ ಕ್ಲಬ್ಬು ಸೇರಿದ್ದೆವು. ಜರ್ಮನ್ ಅಷ್ಟಕ್ಕಷ್ಟೇ ಬಂತು. ಬದಲಿಗೆ, ಪರೀಕ್ಷೆ, ಪರವಾನಗಿ ಎಲ್ಲ ಮುಗಿಸಿ, ಹಾರಿಸಿದ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬುವ ಹುಚ್ಚು ಹತ್ತಿತು.

ನಿಮಗೆ ಗೊತ್ತಿರಲಿಕ್ಕಿಲ್ಲ: ಗುಂಡು ಹಾರಿದಾಗ ಹಿತ್ತಾಳೆಯ ತೋಟಾ ಉಬ್ಬಿ, ಆ ಬಂದೂಕಿನ ಹೊಟ್ಟೆಯ ಆಕಾರವನ್ನೇ ತಾಳುತ್ತದೆ. ಮತ್ತೆ ಬಳಸಬೇಕಾದರೆ ಅದೇ ಉಣ್ಣೆಯ ಜಿಡ್ಡು ಸವರಿ, ಉಕ್ಕಿನ ಅಚ್ಚಿನೊಳಗೆ ಒತ್ತಿ ಕುಗ್ಗಿಸಬೇಕು. ಎಷ್ಟು ಕುಗ್ಗಿಸಬೇಕು ಎಂಬಲ್ಲೇ ಜಗಳ. ಪೂರ್ತಿ ಒತ್ತಿದರೆ ಎಲ್ಲ ಬಂದೂಕಿನೊಳಗೂ ಹೋಗುತ್ತದೆ, ಯಾವುದಕ್ಕೂ ಮೈಗೊಪ್ಪುವುದಿಲ್ಲ. ತೋಟಾದ ಸಣ್ಣ ಬಾಯಿಗೆ ಕುತ್ತಿಗೆ, ಅದರ ಕೆಳಗೆ ಅಗಲವಾಗುವ ಇಳಿಜಾರಿಗೆ ಭುಜ ಎನ್ನುತ್ತಾರೆ. ಸಲೀಮನದು ಒಂದೇ ಮಂತ್ರ: "ಕುತ್ತಿಗಿ ಅಷ್ಟ ಒತ್ತಲೇ ಮಗಾ. ಭುಜಾ ಮುಟ್ಟಿದ್ರ ಕೈ ಮುರೀತೀನಿ."

ಆ ವರ್ಷ ಹೆಂಡತಿಗೆ ಬಾನ್‌ನಲ್ಲಿ ಕೆಲಸ ಸಿಕ್ಕಿ ಅವನು ಊರು ಬಿಡುವವನಿದ್ದ. ಕ್ಲಬ್ಬಿನ ಗೋಡೆಯ ಮೇಲೆ ಬಣ್ಣ ಬಳಿದ ಮರದ ಗುರಿಹಲಗೆಗಳಿವೆ. ವರ್ಷಕ್ಕೊಮ್ಮೆ ಸ್ಪರ್ಧೆ, ಯಾರ ಒಂದು ಗುಂಡು ನಟ್ಟನಡುವಿಗೆ ಅತಿ ಹತ್ತಿರ ಬಿತ್ತೋ ಅವರ ಹೆಸರನ್ನು ಹಲಗೆಗೆ ಬರೆದು ತೂಗುಹಾಕುತ್ತಾರೆ. "ಹೋದಮ್ಯಾಲೂ ನನ್ ಹೆಸರು ಇಲ್ಲಿ ಇರಬೇಕಲೇ," ಎಂದಿದ್ದ. ನಗುತ್ತಲೇ ಹೇಳಿದ್ದ, ಆದರೆ ಅದು ತಮಾಷೆಯ ಮಾತಾಗಿರಲಿಲ್ಲ.

ಸ್ಪರ್ಧೆಯ ಹಿಂದಿನ ದಿನ, ತೋಟಾ ತೊಳೆಯುವ ಯಂತ್ರಕ್ಕೆ ಅವನ ರಾಶಿಯೂ ನನ್ನ ರಾಶಿಯೂ ಒಟ್ಟಿಗೆ ಬಿದ್ದವು. ಸುರಿದವರು ಯಾರು? ಅವನು ನಾನೆನ್ನುತ್ತಾನೆ, ನಾನು ಅವನೆನ್ನುತ್ತೇನೆ. ಮಂಡಕ್ಕಿ ಗಿರ್ಮಿಟ್ಟಿಗೆ ಈರುಳ್ಳಿ ಎಷ್ಟು ಸಣ್ಣಗೆ ಹೆಚ್ಚಬೇಕೆಂದು ಇಬ್ಬರೂ ವಾದಿಸುತ್ತಿದ್ದೆವು, ಅದು ಮಾತ್ರ ಖಚಿತ. ಯಂತ್ರ ನಿಂತಾಗ ಎಲ್ಲವೂ ಬಂಗಾರದಂತೆ ಹೊಳೆಯುತ್ತಿದ್ದವು. ಇಬ್ಬರ ಬಂದೂಕೂ ಒಂದೇ ಅಳತೆಯವು, ಎಲ್ಲವೂ ಒಂದೇ ಥರ.

"ಯಪ್ಪಾ!" ಎಂದ ಸಲೀಮ. "ಯಾವ್ದು ನಂದು, ಯಾವ್ದು ನಿಂದು?"

"ಹೆಸರು ಹಿಡಿದು ಕೂಗು ಗುರು. ಓಗೊಟ್ಟವು ನಿಂದು."

ಒಂದೊಂದನ್ನೇ ಅವನ ಬಂದೂಕಿಗೆ ಹಾಕಿ, ಅದರ ಹಿಂಬಾಯಿ ಮುಚ್ಚುವ ಹಿಡಿಯನ್ನು ಇಳಿಸಿ ನೋಡಿದೆವು. ಮೆತ್ತಗೆ ಮುಚ್ಚಿದರೆ ಅವನದು, ಅಡ್ಡ ನಿಂತರೆ ನನ್ನದು. ಕೆಲವು ಮಾತ್ರ ಮುನಿಸಿಕೊಂಡಂತೆ ಅರ್ಧಂಬರ್ಧ ಮುಚ್ಚುತ್ತಿದ್ದವು. "ಇವು ಮನಿ ಅಳಿಯಂದ್ರು ನೋಡು," ಎಂದ ಸಲೀಮ, "ಅಲ್ಲೂ ಸಲ್ಲಂಗಿಲ್ಲ, ಇಲ್ಲೂ ಸಲ್ಲಂಗಿಲ್ಲ." ಆದರೆ ಅವನವೇ ಎಂದು ಗೊತ್ತಾದವು ಸ್ಪರ್ಧೆಗೆ ಸಾಲುತ್ತಿರಲಿಲ್ಲ. ಕೊನೆಗೆ ಜಿಡ್ಡು ಸವರಿ, ಅಚ್ಚನ್ನು ಕೂದಲೆಳೆಯಷ್ಟು ಇಳಿಸಿ, ಬಂದೂಕಿನ ಹಿಡಿ ತಾನಾಗಿ ಬೀಳುವಷ್ಟು ಮಾತ್ರ ಆ ಅಳಿಯಂದಿರ ಭುಜವನ್ನು ಒತ್ತಿದ. ಮಸೀದಿಯಲ್ಲಿ ಚಪ್ಪಲಿ ಕದಿಯುವವನ ಮುಖ. "ಯಾರ ಮುಂದೂ ಹೇಳಬ್ಯಾಡ."

ಮರುದಿನ ಅವನ ಒಂದು ಗುಂಡು ನಟ್ಟನಡುವೆ ಹೋಗಿ ಕುಳಿತಿತು. ಕ್ಲಬ್ಬಿನ ಹಿರಿಯಾಕೆ ಭೂತಗನ್ನಡಿ ಹಿಡಿದು ನೋಡಿ, ಅವನ ಕೆನ್ನೆ ಹಿಂಡಿದರು. ಗೆದ್ದವರು ಎಲ್ಲರಿಗೂ ಬಿಯರ್ ಕೊಡಿಸುವುದು ಅಲ್ಲಿನ ಪದ್ಧತಿ. ಸಲೀಮ ಬಿಯರ್ ಜೊತೆ ಗಿರ್ಮಿಟ್ಟನ್ನೂ ಹಂಚಿ, ತಾನು ಸೇಬಿನ ರಸ ಕುಡಿದ. ಈರುಳ್ಳಿ ದಪ್ಪಗೇ ಇತ್ತು.

ಕ್ರೀಮಿನ ವಾಸನೆ ಇನ್ನೂ ಇತ್ತು, ಸಲೀಮನಿಗೆ ಫೋನ್ ಮಾಡಿದೆ.

"ಆ ಗುಂಡು ಯಾವ ತೋಟಾದ್ದೋ?"

"ನನ್ ಸ್ವಂತದ್ದು. ಭುಜಾ ಮುಟ್ಟದ್ದು."

"ಮನೆ ಅಳಿಯನದ್ದು ಗುರು."

"ಲೇ, ಬಾನ್‌ಗೆ ಬಾ ನೀನು, ಹೇಳ್ತೀನಿ."

ಮಗಳು ತಲೆಯೆತ್ತಿ "ಪಾಪಾ, ವೆರ್ ವಾರ್ ದಾಸ್?" ಎಂದಳು, ಅದು ಯಾರು ಎಂದು. ಇಷ್ಟು ವರ್ಷ ಗೆದ್ದದ್ದು ಅಳಿಯನೇ ಎಂದು ಎಲ್ಲರಿಗೂ ಹೇಳಿಕೊಂಡು ಬಂದವನು ನಾನು. ಹೇಳಿದಾಗಲೆಲ್ಲ ಕತೆಯನ್ನು ಒಂದಿಷ್ಟು ಅಚ್ಚಿಗೆ ಒತ್ತಿದ್ದೇನೆ ಎಂದು ಕಾಣುತ್ತದೆ, ಈಗ ಎಷ್ಟು ಸಲೀಸಾಗಿ ಮುಚ್ಚುತ್ತದೆ ನೋಡಿ. ಅವಳಿಗೆ ಹಾಗೆ ಹೇಳಲಿಲ್ಲ, ಇಷ್ಟೇ ಹೇಳಿದೆ: ಗೋಡೆಯ ಮೇಲೆ ಸಲೀಮನ ಹೆಸರಿದೆ. ಅದನ್ನು ಅಲ್ಲಿಗೆ ಒಯ್ದದ್ದು ಯಾವ ತೋಟಾ ಎಂಬುದು ನನಗೆ ಗೊತ್ತಿಲ್ಲ.